ಕೊಚ್ಚಿಯಲ್ಲೊಂದು ತಿರುವನಂತಪುರ

ಒಂದು ಸಲ ದಾಕ್ಷಿಣ್ಯಕ್ಕೆ ಹೊಗಳಿದ್ದೇ ದಿನಕರನ ಕಷ್ಟಕ್ಕೆಲ್ಲ ಮೂಲ. ಹೊಗಳಿದ್ದು ಹೆಂಡತಿಯ ಸೋದರಮಾವ ದಾಮೋದರರಾಯರ ಜಲನೇತಿಯನ್ನು. ಗಿಂಡಿಯ ಮೂತಿಯನ್ನು ಒಂದು ಹೊಳ್ಳೆಗಿಟ್ಟು ಉಪ್ಪುನೀರನ್ನು ಇನ್ನೊಂದರಿಂದ ಹರಿಸುವ ಆ ಯೋಗವನ್ನು "ಬಹಳ ಚೆನ್ನಾಗಿದೆ ಮಾವ" ಎಂದುಬಿಟ್ಟಿದ್ದ. ಅಂದಿನಿಂದ ಮೈಸೂರಿನಿಂದ ಬಂದಾಗಲೆಲ್ಲ ಮಾವ ಅವನನ್ನು ಬೆಳಗಿನ ಜಾವಕ್ಕೆ ಎಬ್ಬಿಸಿ, ಮೂಗಿನಲ್ಲಿ ಕಾಲುವೆ ಹರಿಸುತ್ತಿದ್ದರು.

"ಈ ಶನಿವಾರ ಬರ್ತೀವಪ್ಪ" ಎಂದು ಫೋನು ಬಂದಾಗ ಬ್ಯಾಂಕ್ ಅಧಿಕಾರಿ ದಿನಕರ ಹಸಿ ಸುಳ್ಳು ಹೇಳಿದ. "ಅಯ್ಯೋ, ನನಗೆ ತಿರುವನಂತಪುರದಲ್ಲಿ ಟ್ರೈನಿಂಗು ಮಾವ. ರತ್ನಾನೂ ಬರ್ತಿದಾಳೆ."

"ಹಾಗಾದ್ರೆ ಇನ್ನೊಂದ್ಸಲ ನೋಡೋಣ ಬಿಡು" ಎಂದರು ಮಾವ.

ರತ್ನ ಸಿಡಿದೆದ್ದಳು. "ಅಪ್ಪ ಇಲ್ಲದ ನನ್ನ ಸಾಕಿ, ಮದುವೆ ಮಾಡಿಕೊಟ್ಟೋರು ಕಣ್ರೀ. ಗೊತ್ತಾದ್ರೆ ನನಗೆ ತವರೇ ಇರಲ್ಲ!"

ಹೇಳಿದ ಮೇಲೆ ಕೊಚ್ಚಿಯ ಅಂಚಿನ ತ್ರಿಪ್ಪುಣಿತ್ತುರದ ಮನೆಗೆ ಬೀಗ ಹಾಕಲೇಬೇಕು. ಪಕ್ಕದ ಮನೆಯ ಅನಸೂಯಮ್ಮನೂ ಮೈಸೂರಿನವರೇ, ಊರಿಗೆ ದಿನಾ ವರದಿ ಒಪ್ಪಿಸುವವರು. ಆದರೆ ತಿರುವನಂತಪುರದವರೆಗೆ ಹೋಗಲು ದಿನಕರನಿಗೆ ಸೋಮಾರಿತನ. ಶನಿವಾರ ಬೆಳ್ಳಂಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಫೋರ್ಟ್ ಕೊಚ್ಚಿಯ ಹೋಂಸ್ಟೇ ಸೇರಿದ.

ಡಚ್ಚರು ಮೆಣಸು ತುಂಬಿಡುತ್ತಿದ್ದ ಉಗ್ರಾಣವದು. ಗೋಡೆ ಮೊಳ ದಪ್ಪ, ಮಾಳಿಗೆ ಮಾತ್ರ ಬರೀ ಮರದ ಹಲಗೆ. ಮೇಲಿನವರು ನಡೆದರೆ ಕೆಳಗಿನವರ ತಲೆಗೆ ಧೂಳು. ಒಡತಿ ಅನ್ನಮ್ಮ, ಅಲ್ಲಿನವರ ಬಾಯಲ್ಲಿ ಚೇಚಿ, ಅಂದರೆ ಅಕ್ಕ, ಮೈಸೂರಿನಲ್ಲಿ ನರ್ಸಿಂಗ್ ಓದಿದವರು.

"ಕನ್ನಡದವರಾ? ಮೇಲೆ ಕೂಡ ಕನ್ನಡದವರು ಉಂಟು! ತಿಂಡಿಗೆ ಎಲ್ಲರಿಗೂ ಒಂದೇ ಮೇಜು. ಒಬ್ಬರು ಬರದಿದ್ದರೂ ನಾನು ಅಪ್ಪಂ ಬಡಿಸುವುದಿಲ್ಲ."

ದಿನಕರ ಕೆಳಗಿನ ಕೋಣೆಯ ಹಾಸಿಗೆಗೆ ಬೆನ್ನು ಹಚ್ಚಿದ್ದನಷ್ಟೇ, ಮೇಲಿನಿಂದ ಸಾಲಾಗಿ ಮೂರು ಸೀನು, ಹಿಂದೆಯೇ ಒಂದು "ನಾರಾಯಣಾ".

"ರೀ, ಇದು ಮಾವನ ಸೀನು!"

"ಸೀನಿನ ಮೇಲೆ ಹೆಸರು ಬರೆದಿರುತ್ತೇನೇ?" ಎಂದನಾದರೂ ದಿನಕರ ಎದ್ದು ಚಪ್ಪಲಿ ಮೆಟ್ಟಿಕೊಂಡ. ಓಡಿಹೋಗಲು ಹಿತ್ತಲ ಬಾಗಿಲು ತೆರೆದರೆ ಅಲ್ಲಿ ಚೇಚಿಯ ನಾಯಿ. ತಲೆನೋವೆಂದು ಚಿಲಕ ಹಾಕಿಕೊಂಡರೆ ಚೇಚಿ ಕಷಾಯ ಹಿಡಿದು ಬಾಗಿಲು ಬಡಿದರು.

"ಮೇಲಿನ ಸಾರ್‌ಗೆ ಯೋಗ ಗೊತ್ತಂತೆ, ಕರೆಯಲಾ?"

"ಬೇಡ! ವಾಸಿಯಾಯ್ತು!"

ಕೂತಲ್ಲಿ ಕೂರಲಾಗದೆ ದಿನಕರ ಕೊನೆಗೆ ಮಾವನ ಮೊಬೈಲಿಗೇ ಫೋನು ಮಾಡಿದ. ಮೈಸೂರಿನಲ್ಲಿದ್ದರೆ ಪೀಡೆ ಕಳೆಯಿತು. ರಿಂಗಾದದ್ದು ನೆತ್ತಿಯ ಮೇಲೆ.

"ಹಲೋ ದಿನಕರ! ನಾವು ಮೈಸೂರಲ್ಲೇ, ಮನೇಲೇ ಇದೀವಪ್ಪ" ಎಂಬ ಮಾತು ಕಿವಿಗೊಂದು ಸಲ, ಮಾಳಿಗೆಯಿಂದ ಇನ್ನೊಂದು ಸಲ ಬಿತ್ತು.

"ನಾನೂ ಟ್ರೈನಿಂಗ್‌ನಲ್ಲೇ ಇದೀನಿ ಮಾವ" ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ನಡುಮನೆಯಿಂದ ಚೇಚಿ ಗಂಟೆ ಬಾರಿಸಿ, "ಎಲ್ಲರೂ ಬನ್ನಿ! ಅಪ್ಪಂ ತಣ್ಣಗಾಗ್ತದೆ!" ಎಂದು ಕೂಗಿದರು.

ಆ ಕೂಗು ಎರಡೂ ಫೋನಿಗೆ ಬಿತ್ತು.

"ದಿನಕರ, ನಿಮ್ಮ ಟ್ರೈನಿಂಗಲ್ಲಿ ಯಾರೋ ಅಪ್ಪಂ ಅಂದ್ರು."

"ನಿಮ್ಮ ಮೈಸೂರಲ್ಲೂ ಅಂದ ಹಾಗಾಯ್ತು ಮಾವ."

ಮೇಜಿನ ಮುಂದೆ ನಾಲ್ವರೂ ತಟ್ಟೆ ನೋಡುತ್ತ ಕೂತರು. ಮೊದಲು ಬಾಯಿ ಬಿಟ್ಟವರು ಮಾವ.

"ತಪ್ಪು ನಂದೇ ಕಣಪ್ಪ. ನೀನು ಊರಲ್ಲಿರಲ್ಲ ಅಂದಾಗ ನನಗೆ ಹೋದ ಜೀವ ಬಂದ ಹಾಗಾಯ್ತು. ಟಿಕೆಟ್ ಆಗಲೇ ತೆಗೆಸಿದ್ದೆ, ಅದಕ್ಕೇ ನಿಮಗೆ ಹೇಳದೆ ಇಲ್ಲಿ ಬಂದು ಇಳ್ಕೊಂಡ್ವಿ. ನಾನು ನೇತಿ ಬಿಟ್ಟು ಎಷ್ಟೋ ಕಾಲ ಆಯ್ತು. ನಿನಗೆ ಇಷ್ಟ ಅಂತ ನಿಮ್ಮನೇಲಿ ಮಾತ್ರ ಕಷ್ಟಪಟ್ಟು ಏಳ್ತಿದ್ದೆ."

"ಈ ಸಲ ಗಿಂಡೀನೂ ತಂದಿಲ್ಲ" ಎಂದರು ಮಾವನ ಹೆಂಡತಿ ಚಂದ್ರಮ್ಮ.

ದಿನಕರನಿಗೆ ಸ್ವರ್ಗ ಮೂರೇ ಗೇಣು. ಒಂದೇ ಒಂದು ನಿಜ ಹೇಳಿದರೆ ಜನ್ಮಪೂರ್ತಿ ಬಿಡುಗಡೆ. ಅಷ್ಟರಲ್ಲಿ ಮಾವನ ಕಣ್ಣು ತುಂಬಿತು.

"ನಿಜ ಹೇಳಪ್ಪ. ನಿನಗೂ ನೇತಿ ಬೇಡವಾಗಿತ್ತಾ? ಅದಕ್ಕೇನಾ ನಮ್ಮನ್ನ ಬರಬೇಡಿ ಅಂದದ್ದು?"

ಮೇಜಿನಡಿಯಲ್ಲಿ ರತ್ನ ಅವನ ಕಾಲು ತುಳಿದಳು.

"ಛೆ ಛೆ! ನೇತಿ ಅಂದ್ರೆ ನನಗೆ ಪ್ರಾಣ ಮಾವ! ಟ್ರೈನಿಂಗು ಕ್ಯಾನ್ಸಲ್ ಆಯ್ತು, ಅಷ್ಟೇ."

ಮಾವ ನಿಟ್ಟುಸಿರಿಟ್ಟರು. "ಸರಿ, ಹಾಗಾದ್ರೆ ನಿಮ್ಮನೆಗೇ ಹೋಗೋಣ ನಡಿ. ನಾಳೆಯಿಂದ ಶುರು. ಆದ್ರೆ ಗಿಂಡಿ?"

ಅನ್ನಮ್ಮ ಚೇಚಿ ಓಡಿಹೋಗಿ, ಜಗುಲಿಯಲ್ಲಿ ಕಾಲು ತೊಳೆಯಲು ಇಟ್ಟಿದ್ದ ಹಿತ್ತಾಳೆ ಗಿಂಡಿಯನ್ನು ತಂದು ದಿನಕರನ ತಟ್ಟೆಯ ಪಕ್ಕದಲ್ಲಿಟ್ಟರು.

"ನಮ್ಮ ಅಜ್ಜನ ಕಾಲದ್ದು, ತೆಗೆದುಕೊಂಡು ಹೋಗಿ ಸಾರ್. ಮೂತಿ ಮಾತ್ರ ಸ್ವಲ್ಪ ದಪ್ಪ."