ಮಾವ ರೀಸ್ಟಾರ್ಟ್‌ಗೆ ಒಪ್ಪಿದ್ದು

ನಮ್ಮ ಸೋದರಮಾವ ಇಷ್ಟು ವಯಸ್ಸಿನಲ್ಲಿ ಒಂದೇ ಒಂದು ಸಿನಿಮಾದ ಕೊನೆಯನ್ನೂ ನೋಡಿಲ್ಲ ಎಂದರೆ ನೀವು ನಂಬುವುದಿಲ್ಲ. ಟಾಕೀಸಿಗೆ ಹೋಗುತ್ತಾರೆ, ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಆದರೆ ನಾಯಕ ಖಳನಾಯಕನ ಕಾಲರಿಗೆ ಕೈ ಹಾಕಿದನೋ ಇಲ್ಲವೋ, ಇವರು ಕಾಲಲ್ಲೇ ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ಜನ ಹೊರಗೆ ಬರುವ ಹೊತ್ತಿಗೆ ಎದುರಿನ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತ ನಿಂತಿರುತ್ತಾರೆ.

ಕಾದಂಬರಿಯ ಕತೆಯೂ ಅಷ್ಟೇ. ಒಮ್ಮೆ ಒಂದು ಪತ್ತೇದಾರಿ ಪುಸ್ತಕವನ್ನು ಕೊನೆಯ ಹನ್ನೆರಡು ಪುಟ ಬಿಟ್ಟು ಓದಿ ನನಗೆ ದಾಟಿಸಿದರು. ನಾನು ಪೂರ್ತಿ ಓದಿ, "ಮಾಮಾ, ಕೊಲಿ ಮಾಡಿದಾಂವ ಯಾರ ಗೊತ್ತೇನ್ರಿ?" ಎಂದೆ. ಎರಡೂ ಕಿವಿ ಮುಚ್ಚಿಕೊಂಡರು.

"ಹೇಳಬ್ಯಾಡವಾ. ಸದ್ಯಕ್ಕ ಅದರಾಗಿನ ಮಂದಿ ಎಲ್ಲಾರೂ ನಿರಪರಾಧಿಗಳ ಅದಾರ. ಹಂಗ ಇರ್ಲಿ."

ಇಂಥವರು ಒಂದು ಬೀಜದ ಕಂಪನಿಯ ಹಾನಗಲ್ಲ ಶಾಖೆಗೆ ಮ್ಯಾನೇಜರು. ಅದೇ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಮಾವನ ವಶೀಲಿಯಿಂದ ಸೇರಿಕೊಂಡಳು ಎನ್ನುವವರು ಮುಂದಿನದನ್ನು ಓದಲಿ, ಆ ವಶೀಲಿ ನನಗೆ ಎಷ್ಟು ತುಟ್ಟಿಯಾಯಿತು ಎಂದು ಗೊತ್ತಾಗುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಕಡೆ ಸೇರಿ ನಮ್ಮಲ್ಲಿ ಹನ್ನೊಂದು ಲ್ಯಾಪ್‌ಟಾಪ್. ಇತ್ತೀಚೆಗೆ ಹೆಡ್ ಆಫೀಸಿನಿಂದ ಒಂದು ಮೇಲ್ ಬಂತು. ಲ್ಯಾಪ್‌ಟಾಪ್ ಏಳುವಾಗ, ತನ್ನನ್ನು ಎಬ್ಬಿಸುತ್ತಿರುವ ಪ್ರೋಗ್ರಾಂ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತದೆ. ಅದಕ್ಕೆ ಸೆಕ್ಯೂರ್ ಬೂಟ್ ಎಂದು ಹೆಸರು. ಆ ಪರೀಕ್ಷೆಗೆ ಬೇಕಾದ ಪ್ರಮಾಣಪತ್ರಗಳು ಒಳಗೇ ಇರುತ್ತವೆ. ಹಳೆಯವುಗಳ ಅವಧಿ ಮುಗಿಯುತ್ತ ಬಂದಿದೆ, ಎಲ್ಲ ಲ್ಯಾಪ್‌ಟಾಪಿಗೂ ಹೊಸವನ್ನು ಹಾಕಿಸಿ ಎಂಬುದು ಆ ಮೇಲ್‌ನ ಸಾರಾಂಶ.

ಹಾಕಿಸುವುದು ಸುಲಭ, ಅದು ಹತ್ತಬೇಕಲ್ಲ? ಸವಣೂರಿನ ಎರಡು ಲ್ಯಾಪ್‌ಟಾಪ್ ಹೊಸ ಪ್ರಮಾಣಪತ್ರವನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ, ಅವುಗಳಲ್ಲಿ ತಯಾರಿಸಿದ ಕಂಪನಿಯವರ ಮೂಲ ತಂತ್ರಾಂಶವೇ ಹಳತಾಗಿದೆ ಎಂದು ತಿಳಿಯಿತು. ಮೊದಲು ಅದನ್ನು ಬದಲಿಸಿದೆ, ಆಮೇಲೆ ದಾರಿಗೆ ಬಂದವು. ಹಿರೇಕೆರೂರಿನದು ಇನ್ನೊಂದು ಬಗೆ. ರೀಸ್ಟಾರ್ಟ್ ಆದದ್ದೇ ನೀಲಿ ಪರದೆ ತೋರಿಸಿ, ನಲವತ್ತೆಂಟು ಅಂಕಿಗಳ ಗುಪ್ತ ಸಂಖ್ಯೆ ಕೊಡು ಎಂದು ಹಟ ಹಿಡಿಯಿತು. ಅಲ್ಲಿನ ಫೀಲ್ಡ್ ಆಫೀಸರು ಚಹಾದಂಗಡಿಯಲ್ಲಿ ಕೂತಿದ್ದರು. ನಾನು ಫೋನಿನಲ್ಲಿ ಒಂದೊಂದೇ ಅಂಕಿ ಹೇಳಿದೆ. ಅವರಿಗೆ ಕೇಳಿಸದೆ ಸ್ಪೀಕರ್ ಹಾಕಿದರು. ಮೂರನೇ ಸಲ ಹೇಳುವಾಗ ಇಡೀ ಅಂಗಡಿಯೇ ನನ್ನ ಜೊತೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿತ್ತು. ಲ್ಯಾಪ್‌ಟಾಪ್ ತೆರೆದುಕೊಂಡಿತು. ಮರುಕ್ಷಣವೇ ನಾನು ಆ ಗುಪ್ತ ಸಂಖ್ಯೆಯನ್ನು ಬದಲಾಯಿಸಿದೆ.

ಅಂತೂ ಹತ್ತು ಮುಗಿದವು. ಹನ್ನೊಂದನೆಯದರ ಮುಂದೆ ಮಾತ್ರ ಹದಿನೈದು ದಿನದಿಂದ ಒಂದೇ ಸಾಲು: "ರೀಸ್ಟಾರ್ಟ್‌ಗಾಗಿ ಕಾಯುತ್ತಿದೆ." ಯಾರದು ಎಂದು ಬೇರೆ ಹೇಳಬೇಕೆ?

ಫೋನ್ ಮಾಡಿದೆ.

"ಪ್ರಮಾಣಪತ್ರ ಅಂದ್ರ ಯಾವ್ದವಾ? ಜಾತೀದೋ, ಆದಾಯದ್ದೋ?" ಎಂದರು ಮಾವ.

"ಲ್ಯಾಪ್‌ಟಾಪಿಂದ್ರಿ ಮಾಮಾ. ನಾವು ಬೀಜದ ಚೀಲಕ್ಕ ಚೀಟಿ ಹೊಲಿಯೂದಿಲ್ಲೇನು, ಹಂಗ. ಆ ಚೀಟಿ ಅವಧಿ ಮುಗ್ಯಾಕ ಬಂದೈತಿ."

"ಅವಧಿ ಮುಗಿದ ಬೀಜಾನೂ ಒಮ್ಮೊಮ್ಮೆ ಮೊಳಕಿ ಒಡೀತಾವ."

"ಒಡೀತಾವ್ರಿ. ಹಂಗಂತ ನೀವು ರೈತರಿಗೆ ಮಾರ್ತೀರೇನು?"

ಅವಧಿ ಮೀರಿದ ಒಂದು ಕಾಳನ್ನೂ ಹೊರಗೆ ಬಿಡದ ಮನುಷ್ಯ ಅವರು. ಗೆದ್ದೆ ಅಂದುಕೊಂಡೆ.

"ಆತು, ಚೀಟಿ ಬದಲಿ ಮಾಡು. ರೀಸ್ಟಾರ್ಟ್ ಮಾತ್ರ ಬ್ಯಾಡ. ನಾ ಅದನ್ನ ದಿನಾ ಮಲಗಸ್ತೇನಿ. ಬಂದ್ ಮಾಡೂದಿಲ್ಲ."

ಎಷ್ಟು ದಿನದಿಂದ ಬಂದ್ ಮಾಡಿಲ್ಲ ಎಂದು ನನ್ನ ಪರದೆಯಲ್ಲಿ ನೋಡಿದೆ. ಹದಿನಾಲ್ಕು ತಿಂಗಳು!

ಇಲ್ಲಿ ಒಂದು ಮನೆಯ ವಿಷಯ ಹೇಳಬೇಕು. ಮಾವ ನಮ್ಮ ಅವ್ವನಿಗೆ ಒಬ್ಬನೇ ತಮ್ಮ. ಹೋದ ವರ್ಷ ತಿಳವಳ್ಳಿಯ ನಮ್ಮ ಮನೆಯಲ್ಲಿ ನನ್ನ ಅಕ್ಕನ ಲಗ್ನವಾಯಿತು. ಅಕ್ಕಿಕಾಳು, ಅಂದರೆ ಅಕ್ಷತೆ, ಹಾಕುವಾಗ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು. ಇವರು ಬೆಳಿಗ್ಗೆಯಿಂದ ಚಪ್ಪರದ ತುಂಬ ಓಡಾಡಿ, ಬಂದವರಿಗೆಲ್ಲ ಪಾನಕ ಕೊಟ್ಟು, ಸರಿಯಾಗಿ ಆ ಹೊತ್ತಿಗೆ ಕಾಣೆಯಾದರು. ಸಿನಿಮಾದಿಂದ ಎದ್ದು ಹೋಗುತ್ತಾರಲ್ಲ, ಹಾಗೇ ಎದ್ದು ಹೋಗಿದ್ದರು. ಅವತ್ತು ಯಾರಿಗೂ ನಗು ಬರಲಿಲ್ಲ. ಯಾರೋ ದೂರದ ಕಾಕಾ ಬಂದು ಬೆನ್ನಿಗೆ ನಿಂತರು. ಅವ್ವ ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟಳು. ಮಾತಷ್ಟೇ ಬಿಟ್ಟಳು, ಶೇಂಗಾ ಚಟ್ನಿ ಬಿಡಲಿಲ್ಲ. "ನಿಮ್ಮ ಮ್ಯಾನೇಜರ್ ಸಾಹೇಬ್ರಿಗೆ ಕೊಡು" ಎಂದು ಡಬ್ಬಿ ನನ್ನ ಕೈಗಿಡುತ್ತಿದ್ದಳು. ಮಾವ ತಿಂದು, ತೊಳೆದು, "ನಿಮ್ಮವ್ವಾರಿಗೆ ಮುಟ್ಟಿಸು" ಎಂದು ಖಾಲಿ ಡಬ್ಬಿ ಕೊಡುತ್ತಿದ್ದರು. ನಡುವೆ ನಾನೊಬ್ಬಳು ಅಂಚೆಯವಳು.

ಈಗ ಹೆಡ್ ಆಫೀಸು ಹೇಳಿತು: ಸೋಮವಾರ ಬಾಕಿ ಲ್ಯಾಪ್‌ಟಾಪುಗಳು ತಾವಾಗಿಯೇ ರೀಸ್ಟಾರ್ಟ್ ಆಗುತ್ತವೆ, ಸೇವ್ ಮಾಡದೆ ಇಟ್ಟದ್ದು ಹೋದರೆ ನಾವು ಜವಾಬ್ದಾರರಲ್ಲ. ಶನಿವಾರ ಬೆಳಿಗ್ಗೆಯೇ ನಾನು ಹಾನಗಲ್ಲಿಗೆ ಹೋದೆ.

"ಸೋಮವಾರ ಅದು ನಿಮ್ಮನ್ನ ಕೇಳೂದಿಲ್ರಿ ಮಾಮಾ. ಇವತ್ತ ಒಂದೊಂದ ನೋಡಿ ಉಳಿಸ್ಕೊಳ್ಳೂಣು ಬರ್ರಿ" ಎಂದೆ. ಮಾವ ಗೊಣಗುತ್ತ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

ಪರದೆಯ ಮೇಲೆ ಮೂವತ್ತೇಳು ಕಿಟಕಿಗಳು ತೆರೆದಿದ್ದವು. ಹೋದ ಮುಂಗಾರಿನ ಹವಾಮಾನದ ಪುಟವೊಂದು "ನಾಳೆ ಮಳೆ" ಎನ್ನುತ್ತ ಇನ್ನೂ ಕೂತಿತ್ತು. ಎರಡು ಓವರ್ ಬಾಕಿ ಇರುವಾಗ ನಿಲ್ಲಿಸಿದ ಕ್ರಿಕೆಟ್ ಪಂದ್ಯವೊಂದಿತ್ತು.

"ಈ ಮ್ಯಾಚ್ ನಾವ ಗೆದ್ದೀವ್ರಿ. ಮುಚ್ಚಲೇನು?"

"ಯಾಕ ಹೇಳಿದಿ? ಇಷ್ಟ ದಿವಸ ಆರಾಮ ಕಾಯಾಕತ್ತಿದ್ದೆ" ಎಂದು ಬೇಸರ ಮಾಡಿಕೊಂಡರು.

ಹೀಗೆ ಮೂವತ್ತಾರು ಮುಚ್ಚಿದೆವು. ಕೊನೆಯದಕ್ಕೆ ಮೌಸ್ ಒಯ್ದಾಗ ಮಾವ ನನ್ನ ಕೈ ಹಿಡಿದರು. ಅಷ್ಟರಲ್ಲಿ ಅದು ತೆರೆದುಕೊಂಡಿತ್ತು. ಹೆಸರಿಲ್ಲದ, ಒಮ್ಮೆಯೂ ಸೇವ್ ಆಗದ ಬಿಳಿ ಹಾಳೆ. ಅದರಲ್ಲಿ ಒಂದೂವರೆ ಸಾಲು.

"ಅಕ್ಕಾ, ಆ ದಿವಸ ನಾನು ಅಕ್ಕಿಕಾಳಿಗೆ ನಿಲ್ಲಲಿಲ್ಲ. ಯಾಕೆಂದರೆ"

ಅಷ್ಟೇ. ಮುಂದೆ ಕರ್ಸರು ಮಿಣಕುತ್ತಿತ್ತು.

"ದಿನಾ ಮುಂಜಾನೆ ತಗದ ನೋಡ್ತೇನಿ. ಮುಂದಿನ ಮಾತ ಬರೂದಿಲ್ಲ" ಎಂದರು ಮಾವ, ಬಾಗಿಲ ಕಡೆ ನೋಡುತ್ತ.

ನಾನು ಏನೂ ಕೇಳದೆ "ಅಕ್ಕ" ಎಂದು ಹೆಸರು ಕೊಟ್ಟು ಸೇವ್ ಮಾಡಿದೆ. ರೀಸ್ಟಾರ್ಟ್ ಒತ್ತಿದೆ. ಪರದೆ ಕಪ್ಪಾಯಿತು. ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

"ಕುಂದರ್ರಿ ಮಾಮಾ."

ಕೂತರು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಫ್ಯಾನು ಬುಸುಗುಟ್ಟಿತು. ಪರದೆ ಬೆಳಗಿತು, ಮತ್ತೆ ಕಪ್ಪಾಯಿತು. ಎರಡನೇ ಸಲ ಮೇಲೆದ್ದಾಗ ನಾನು ಒಳಹೊಕ್ಕು ನೋಡಿದೆ. ಹೊಸ ಪ್ರಮಾಣಪತ್ರ ಕೂತಿತ್ತು. ಸೇವ್ ಮಾಡಿದ ಹಾಳೆಯೂ ಇತ್ತು, ಅದೇ ಒಂದೂವರೆ ಸಾಲು.

"ಇಷ್ಟನ?" ಎಂದರು ಮಾವ.

"ಇಷ್ಟ ರೀ."

ಬಹಳ ಹೊತ್ತು ಆ ಹಾಳೆಯನ್ನೇ ನೋಡಿದರು. ಆಮೇಲೆ, "ಬರಿಯಾಕ ಆಗೂದಿಲ್ಲವಾ. ತಿಳವಳ್ಳಿ ಬಸ್ಸ ಎಷ್ಟಕ್ಕೈತಿ?" ಎಂದರು.

ನಾವು ಹೋದಾಗ ಅವ್ವ ಕಟ್ಟೆಯ ಮೇಲೆ ಕೂತು ಗೋವಿನಜೋಳದ ತೆನೆ ಸುಲಿಯುತ್ತಿದ್ದಳು. ತಲೆ ಎತ್ತಿ ತಮ್ಮನನ್ನು ನೋಡಿದಳು, ಮತ್ತೆ ತೆನೆ ಹಿಡಿದಳು. ಮಾವ ಅಂಗಳದಲ್ಲಿ ನಿಂತು, ಪಾಠ ಒಪ್ಪಿಸುವವರ ಹಾಗೆ ಹೇಳಿದರು.

"ಅಕ್ಕಾ, ಆ ದಿವಸ ನಾ ಅಕ್ಕಿಕಾಳಿಗೆ ನಿಲ್ಲಲಿಲ್ಲ. ಯಾಕಂದ್ರ..."

ಅಲ್ಲಿಗೇ ನಿಂತಿತು.

"ನನ್ನ ಲಗ್ನದಾಗ ನೀ ನಿಂತಿದ್ದೇನು?" ಎಂದಳು ಅವ್ವ, ತಲೆ ಎತ್ತದೆ. "ಹನ್ನೊಂದ ವರ್ಷದಾಂವ ಇದ್ದಿ. ನನ್ನನ್ನ ಗಂಡನ ಮನಿಗೆ ಕಳಸೂದ ನೋಡಬಾರದಂತ ಬಣವಿ ಹಿಂದ ಹೋಗಿ ಅಳಾಕತ್ತಿದ್ದಿ. ಮದುಮಗಳಾಗಿ ನಾನ ಹುಡುಕ್ಕೊಂತ ಬಂದಿದ್ದೆ."

ಮಾವ ಚಪ್ಪಲಿ ಬಿಟ್ಟು ಕಟ್ಟೆಯ ಹತ್ತಿರ ಬಂದರು.

"ಈ ಸಲ ನೀನ ಬರ್ತಿ ಅಂತ ಕುಂತಿದ್ದೆ. ಬಾಳ ತಡಾ ಮಾಡಿದಿ. ಹೋಗು, ಮಾರಿ ತೊಳಕೊಂಡ ಬಾ. ರೊಟ್ಟಿ ಬಿಸಿ ಅದಾವ."

ಮಾವ ನಳದ ಹತ್ತಿರ ಬಹಳ ಹೊತ್ತು ಮುಖ ತೊಳೆದರು. ಮರಳಿ ಬಂದಾಗ ಅವ್ವ ತೆನೆ ಕೆಳಗಿಟ್ಟು ಸೆರಗು ಮುಂದೆ ಮಾಡಿದಳು. ಐವತ್ತೇಳು ವರ್ಷದ ಬ್ರಾಂಚ್ ಮ್ಯಾನೇಜರು ಬಗ್ಗಿ, ಕಣ್ಣು ಮುಚ್ಚಿ, ಒದ್ದೆ ಮುಖವನ್ನು ಅಕ್ಕನ ಮುಂದೆ ಚಾಚಿದರು.