ನೀರುಕಾಗೆಯ ಹುಳುವಿಗೆ ನಾಮಕರಣ

ಶನಿವಾರ ಬೆಳಿಗ್ಗೆ ಅಪ್ಪಣ್ಣ ಹಲ್ಲುಜ್ಜುತ್ತಿದ್ದಾಗ ಅವನ ಹೆಂಡತಿ ಶರ್ವಾಣಿ ಪಕ್ಕದ ಮನೆಯ ಬಾನುವಿಗೆ ಫೋನಿನಲ್ಲಿ ಒಂದು ಮಾತು ಹೇಳಿದಳು: "ನಮ್ಮನೆಯವರು ಒಂದು ಹೊಸ ಜೀವಿ ಕಂಡುಹಿಡಿದಿದಾರೆ ಕಣ್ರೀ. ಹೆಸರಿಡೋದೂ ಇವರೇ ಅಂತೆ."

ಅಷ್ಟೇ. ಅಪ್ಪಣ್ಣ ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಸುದ್ದಿ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿತ್ತು.

"ಯಾವ ಜೀವಿ ಅಂತ ಹೇಳಿದೆ?"

"ಬರೀ ಜೀವಿ ಅಂದೆ. ಹುಳ ಅನ್ನಕ್ಕಾಗತ್ತಾ? ಅವ್ರು ತಿಂಡಿ ತಿಂತಿದ್ರು."

ಅಪ್ಪಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಸಿಯಾಟಲ್‌ನ ಒಂದು ಲ್ಯಾಬಿನಲ್ಲಿ ಅವನು ಫ್ಲೂಕ್ ಎಂಬ ಹುಳುಗಳನ್ನು ವಿಂಗಡಿಸುತ್ತಿದ್ದ. ಎಲೆಯಂತೆ ಚಪ್ಪಟೆಯಾದ, ಬೇರೆ ಪ್ರಾಣಿಯ ಒಡಲಲ್ಲಿ ಬಿಟ್ಟಿ ಊಟ ಮಾಡಿಕೊಂಡು ಬದುಕುವ ಹುಳುಗಳವು. ಬಾಯಿಯ ಹತ್ತಿರದ ಹೀರುಬಟ್ಟಲು ಎಷ್ಟು ದೊಡ್ಡದು, ಹೊಟ್ಟೆಯ ಮೇಲಿನದು ಎಲ್ಲಿದೆ, ಕರುಳು ಹೇಗೆ ಕವಲೊಡೆದಿದೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಇಂಥ ಕುಟುಂಬ, ಇಂಥ ಜಾತಿ ಎಂದು ಹೇಳುವುದು ಅವನ ಕಸುಬು. ಸುತ್ತಲಿನವರೆಲ್ಲ ಸಾಫ್ಟ್‌ವೇರಿನವರು. ಕೆಲಸ ಏನೆಂದು ಕೇಳಿದವರಿಗೆ ಅವನು "ಕ್ಲಾಸಿಫಿಕೇಶನ್" ಎನ್ನುತ್ತಿದ್ದ. "ಓ, ಮಷೀನ್ ಲರ್ನಿಂಗಾ!" ಎಂದು ಅವರು ಗೌರವದಿಂದ ತಲೆಯಾಡಿಸುತ್ತಿದ್ದರು. ತಿದ್ದಿ ತಿದ್ದಿ ಸುಸ್ತಾಗಿ ಅವನು ಸುಮ್ಮನಾಗಿದ್ದ.

ಹೋದ ಚಳಿಗಾಲ ಲೇಕ್ ವಾಷಿಂಗ್ಟನ್ ದಡದಲ್ಲಿ ಸತ್ತು ಬಿದ್ದಿದ್ದ ನೀರುಕಾಗೆಗಳ ಕರುಳಲ್ಲಿ ಅವನಿಗೆ ಯಾವ ಪುಸ್ತಕಕ್ಕೂ ಹೊಂದದ ಒಂದು ಫ್ಲೂಕ್ ಸಿಕ್ಕಿತ್ತು. ಇಷ್ಟು ವರ್ಷಗಳ ದುಡಿಮೆಯಲ್ಲಿ ಅವನಿಗೆ ದಕ್ಕಿದ ಮೊದಲ ಹೊಸ ಜಾತಿ. ಸೋಮವಾರ ಲ್ಯಾಬಿನ ಪ್ರೊಫೆಸರಿಗೆ ಹೆಸರು ಕೊಡಬೇಕಿತ್ತು. ಮೈಸೂರಿನಲ್ಲಿ ತನ್ನನ್ನು ಮೊದಲ ಸಲ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, "ಅವಸರ ಮಾಡ್ಬೇಡ, ಅದೇ ನಿನ್ನ ಹತ್ರ ಮಾತಾಡತ್ತೆ" ಎಂದಿದ್ದ ಶಿವಬಸಪ್ಪ ಮೇಷ್ಟ್ರ ಹೆಸರಿಡಬೇಕೆಂದು ಅವನು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದ.

ಕಾಫಿಗೆ ಕೂತ ಕೂಡಲೇ ಬೆಲ್ ಆಯಿತು. ಕನ್ನಡ ಸಂಘದ ಅಧ್ಯಕ್ಷ ಅಶ್ವತ್ಥನಾರಾಯಣ ಒಳಗೆ ಬಂದವರೇ ಅಪ್ಪಣ್ಣನ ಕೈ ಹಿಡಿದು ಕೈಪಂಪಿನ ಹಿಡಿಯಂತೆ ಕುಲುಕಿದರು.

"ಕಂಗ್ರಾಟ್ಸ್ ಅಪ್ಪಣ್ಣೋರೆ! ಯಾರ ಹೆಸರಿಡ್ತಿದೀರಾ?"

"ಅದು ನಮ್ಮ ಮೇಷ್ಟ್ರು ಒಬ್ಬರು..."

"ಸಂಘದ ಅಧ್ಯಕ್ಷರ ಹೆಸರಿಟ್ರೆ ಎಲ್ರಿಗೂ ಸಮಾಧಾನ. ನಾನ್ ಹೇಳ್ತಿಲ್ಲ, ಜನ ಹೇಳ್ತಿದಾರೆ."

ಅಪ್ಪಣ್ಣ ಅವರನ್ನು ಹೆದರಿಸಿ ಕಳಿಸಲು ನೋಡಿದ. "ಗಂಡಸರ ಹೆಸರಿಟ್ರೆ ಲ್ಯಾಟಿನ್ ರೂಲ್ ಪ್ರಕಾರ ಕೊನೆಗೆ 'ಇ' ಸೇರ್ಸ್‌ಬೇಕು ಸಾರ್. ಅಶ್ವತ್ಥನಾರಾಯಣಿ ಅಂತಾಗತ್ತೆ."

"ಹೆಂಗಸಿನ ಹೆಸರಾಯ್ತಲ್ರೀ!"

"ಆ ಜೀವಿಗೆ ಗಂಡೂ ಹೆಣ್ಣೂ ಒಂದೇ ಮೈಯಲ್ಲಿರತ್ತೆ ಸಾರ್."

ಅಶ್ವತ್ಥನಾರಾಯಣರ ಕಣ್ಣು ತೇವವಾಯಿತು. "ಅರ್ಧನಾರೀಶ್ವರ! ಸಂಜೆ ನಮ್ಮನೇಲೇ ನಾಮಕರಣ. ನೀವು ಬರೀ ಬನ್ನಿ, ಮಿಕ್ಕಿದ್ದೆಲ್ಲ ನಂಗ್ ಬಿಡಿ."

ಅವರು ಹೋದ ಬೆನ್ನಿಗೇ ಬಾನುವಿನ ಗಂಡ ಜಮೀಲ್ ಹಿಂಬಾಗಿಲಿನಿಂದ ಬಂದ. ಹತ್ತಿರದ ಫ್ಯಾಕ್ಟೋರಿಯಾ ಬಡಾವಣೆಯ ಫೋನ್ ಕಂಪನಿಯಲ್ಲಿ ಅವನು ಮ್ಯಾನೇಜರ್. ಆದರೆ ಆ ಹೊತ್ತು ತರಗತಿಯಿಂದ ಹೊರಗೆ ಹಾಕಿಸಿಕೊಂಡ ಹುಡುಗನಂತಿದ್ದ.

"ಭಾಯ್, ನಂದೇನೂ ಬೇಡ. ಬಾನು ಹೆಸರಿಟ್ಬಿಡಿ. ನಿನ್ನೆ ನಮ್ಮ ಆನಿವರ್ಸರಿ, ನಾನು ಮರ್ತೇಬಿಟ್ಟಿದ್ದೆ. ಇದೊಂದ್ ಗಿಫ್ಟ್ ಕೊಟ್ರೆ ಊಟ ಸಿಗತ್ತೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಜೋರಾಯಿತು. ಜಮೀಲ್ ಹೊರಟ ಮೇಲೆ ಶರ್ವಾಣಿ ಸೌಟು ಹಿಡಿದೇ ಈಚೆ ಬಂದಳು.

"ನನ್ನ ಹೆಸರು ಹುಳಕ್ಕೆ ಬೇಡ್ವೇ ಬೇಡ. ಆದ್ರೆ ಬಾನು ಹೆಸರೇನಾದ್ರೂ ಇಟ್ರೋ, ನೋಡಿ."

"ಹೆಂಗಸರ ಹೆಸರಿಗಾದ್ರೆ ಕೊನೇಲಿ 'ಏ' ಸೇರತ್ತೆ. ನಿಂದು ಶರ್ವಾಣಿಯೇ ಅಂತ."

"ಮದುವೆ ಆದಾಗಿಂದ ಇಷ್ಟ್ ಮರ್ಯಾದೆಯಾಗಿ ಕರ್ದಿದ್ದು ಇದೇ ಮೊದ್ಲು," ಎಂದು ಅವಳು ಒಳಗೆ ಹೋದಳು.

ದಿನವಿಡೀ ಫೋನು ಬಾಯಿ ಮುಚ್ಚಲಿಲ್ಲ. ಒಬ್ಬರಿಗೆ ಮನೆದೇವರ ಹೆಸರು, ಇನ್ನೊಬ್ಬರಿಗೆ ಹುಟ್ಟಲಿರುವ ಮೊಮ್ಮಗುವಿನ ಹೆಸರು. ಹುಳವೆಂದು ಹೇಳಲು ಅಪ್ಪಣ್ಣ ಬಾಯಿ ತೆರೆದಾಗೆಲ್ಲ ಅವರು "ಥ್ಯಾಂಕ್ಸ್" ಎಂದು ಇಟ್ಟುಬಿಡುತ್ತಿದ್ದರು.

ಸಂಜೆ ಅಶ್ವತ್ಥನಾರಾಯಣರ ಹಾಲ್ ತುಂಬಿತ್ತು. ಹೂವು ಸುತ್ತಿದ ತೊಟ್ಟಿಲೂ ಇತ್ತು. ಯಾವ ಜೀವಿಯೆಂದು ಯಾರಿಗೂ ತಿಳಿಯದೆ ಅದರಲ್ಲಿ ಒಂದು ನೀರುನಾಯಿಯ ಬೊಂಬೆ ಮಲಗಿಸಿದ್ದರು. ಅಪ್ಪಣ್ಣನ ಕೈಗೆ ತುಪ್ಪ ಸುರಿಯುವ ಒಬ್ಬಟ್ಟು ಬಂತು. ಬಾನು ಅಕ್ಕರೆಯಿಂದ ಕೇಳಿದಳು: "ಅಣ್ಣಾ, ಅದು ಎಲ್ಲಿರತ್ತೆ?"

ಸುಳ್ಳು ಹೇಳಲೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. "ಮೊದ್ಲು ಬಸವನಹುಳದೊಳಗೆ. ಆಮೇಲೆ ಮೀನಲ್ಲಿ. ಕೊನೆಗೆ ಆ ಮೀನು ತಿಂದ ನೀರುಕಾಗೆ ಕರುಳಲ್ಲಿ."

ಅಶ್ವತ್ಥನಾರಾಯಣರ ಒಬ್ಬಟ್ಟು ಬಾಯಿಯ ಬಾಗಿಲಲ್ಲೇ ನಿಂತಿತು.

"ಅಂದ್ರೆ... ಜಂತುಹುಳಾನಾ?"

"ಹೌದು ಸಾರ್."

ಬಾನು ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಜಂತುಹುಳಕ್ಕೆ ನನ್ನ ಹೆಸರು. ಇದು ಆನಿವರ್ಸರಿ ಗಿಫ್ಟಾ?" ಜಮೀಲ್ ತೊಟ್ಟಿಲಿನ ಹಿಂದೆ ಸರಿದ.

"ಯಾರೂ ಗಾಬರಿ ಆಗ್ಬೇಡಿ," ಎಂದ ಅಪ್ಪಣ್ಣ. "ನಾನು ನಮ್ಮ ಶಿವಬಸಪ್ಪ ಮೇಷ್ಟ್ರ ಹೆಸರಿಡ್ತೀನಿ. ನಮ್ಮ ಫೀಲ್ಡಲ್ಲಿ ಅದು ದೊಡ್ಡ ಗೌರವ."

"ಛೆ ಛೆ!" ಎಂದರು ಅಶ್ವತ್ಥನಾರಾಯಣ. "ವಿದ್ಯೆ ಕಲ್ಸಿದೋರಿಗೆ ಇಂಥಾ ಅವಮಾನವೇನ್ರೀ? ಪಾಪ, ಅವ್ರೇನ್ ತಪ್ಪು ಮಾಡಿದ್ರು?" ಎಲ್ಲರೂ ಅಪ್ಪಣ್ಣನನ್ನು ಕೃತಘ್ನನೆಂಬಂತೆ ನೋಡಿದರು. ಗೌರವವೆಂದರೆ ಏನೆಂದು ವಿವರಿಸಲು ಹೊರಟವನು ಅರ್ಧಕ್ಕೇ ಬಿಟ್ಟು ಒಬ್ಬಟ್ಟು ಮುರಿದ.

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಕೈಯೆಲ್ಲ ತುಪ್ಪ. ಜಮೀಲೇ ಅದನ್ನು ತೆಗೆದು ಸ್ಪೀಕರಿಗೆ ಹಾಕಿದ. ಲ್ಯಾಬಿನ ಭಾವನಾ.

"ಸಾರ್, ಡಿಎನ್ಎ ರಿಸಲ್ಟ್ ಬಂತು! ನೋಡಕ್ಕೆ ಎಲ್ಲಾ ಒಂದೇ ಥರ ಇದ್ವಲ್ಲ, ಅವು ಒಂದ್ ಸ್ಪೀಷೀಸ್ ಅಲ್ವಂತೆ. ಏಳು! ಪ್ರೊಫೆಸರ್ ಸೋಮವಾರ ಏಳೂ ಹೆಸರು ಕೇಳ್ತಿದಾರೆ."

ಮರುಗಳಿಗೆಯೇ ಜನ ತಮ್ಮ ಹೆಸರೆಲ್ಲಿ ಹುಳಕ್ಕೆ ಅಂಟೀತೋ ಎಂದು ತಂತಮ್ಮ ಚಪ್ಪಲಿ ಹುಡುಕತೊಡಗಿದರು. ಬೆಳಗಿನಿಂದ ಮೊದಲ ಸಲ ಅಪ್ಪಣ್ಣನಿಗೆ ಉಸಿರು ಹಗುರಾಯಿತು. ಇನ್ನು ಯಾರೂ ತನ್ನ ತಂಟೆಗೆ ಬರುವುದಿಲ್ಲ. ಒಂದು ಮೇಷ್ಟ್ರಿಗೆ, ಉಳಿದವಕ್ಕೆ ಯಾವುದಾದರೂ ಕೆರೆ, ಹೊಳೆಯ ಹೆಸರಿಟ್ಟರಾಯಿತು.

ಬಾಗಿಲಲ್ಲಿ ಅಶ್ವತ್ಥನಾರಾಯಣ ಅವನ ತೋಳು ಹಿಡಿದು ಪಕ್ಕಕ್ಕೆಳೆದರು. ದನಿ ಮೆತ್ತಗಿತ್ತು.

"ಅಪ್ಪಣ್ಣೋರೆ, ಆರು ಖಾಲಿ ಇದೆಯಲ್ಲ? ನಮ್ಮಾಫೀಸಲ್ಲಿ ಒಬ್ಬ ಡೈರೆಕ್ಟರ್ ಇದಾನೆ, ಮೂರ್ ಸಲ ನನ್ನ ಪ್ರಮೋಷನ್ ತಪ್ಪಿಸ್ದೋನು. ಸ್ಪೆಲ್ಲಿಂಗ್ ಮೆಸೇಜ್ ಮಾಡ್ತೀನಿ."

ಮೆಟ್ಟಿಲಿಳಿಯುವಾಗ ಜಮೀಲ್ ಕಿವಿಯ ಹತ್ತಿರ ಬಂದ. "ಭಾಯ್, ನನ್ನ ಹಳೇ ಬಿಸಿನೆಸ್ ಪಾರ್ಟ್ನರ್ ಒಬ್ಬ ಇದಾನೆ. ಜಂತುಹುಳಾನೇ ಅವನು." ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಜೇಬಿನಲ್ಲಿ ಫೋನು ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಹುಳಕ್ಕಿಡಲು ಒಬ್ಬೊಬ್ಬರು ಕಳಿಸಿದ ಆಗದವರ ಹೆಸರುಗಳು: ಅತ್ತೆಯರು, ಭಾವಂದಿರು, ಮಾಜಿ ಸ್ನೇಹಿತರು. ಪಾಪ, ಮೇಷ್ಟ್ರು ಎಂಥವರ ಸಾಲಿನಲ್ಲಿ ಕೂರಬೇಕಾಯಿತು ಎಂದುಕೊಳ್ಳುತ್ತ ಅಪ್ಪಣ್ಣ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದ.

ಶರ್ವಾಣಿ ಡ್ರೈವ್ ಮಾಡುತ್ತಿದ್ದಳು. ಸಿಗ್ನಲಿನಲ್ಲಿ ಕಾರು ನಿಲ್ಲಿಸಿ, ಬಹಳ ದಿನಗಳ ಮೇಲೆ ಇಷ್ಟು ಪ್ರೀತಿಯಿಂದ ಅವನ ಭುಜದ ಮೇಲೆ ಕೈಯಿಟ್ಟಳು.

"ರೀ, ಬೇಜಾರ್ ಮಾಡ್ಕೋಬೇಡಿ, ಸುಮ್ನೆ ಕೇಳ್ತಿದೀನಿ. ನಿಮ್ಮಕ್ಕನ ಹೆಸರಿಗೂ ಕೊನೇಲಿ 'ಏ' ತಾನೇ ಸೇರೋದು?"