ತೊಂಬತ್ತೆರಡು ಸೆಂಟಿನ ಮೇಂಟೇನರ್

ಒಂದು ವಿಷಯವನ್ನು ಆರಂಭದಲ್ಲೇ ದಾಖಲಿಸುವುದು ನನ್ನ ಕರ್ತವ್ಯ. ಈ ಹುದ್ದೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಹೋದೆ. ಅದೂ ನಗುನಗುತ್ತಾ!

ಗೋಣಿಬೀಡಿನಲ್ಲಿ ನನ್ನದೊಂದು ಅಂಗಡಿ ಇದೆ. ಗಂಬೂಟು, ಟಾರ್ಪಾಲು, ಕತ್ತಿ, ಸ್ಪ್ರೇಯರಿನ ವಾಷರು, ಹೀಗೆ ತೋಟಕ್ಕೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಆದರೆ ಜನ ಬೆಳಿಗ್ಗೆ ಬೆಳಿಗ್ಗೆ ಬರುವುದು ಸಾಮಾನಿಗಲ್ಲ, ಬಾಗಿಲ ಪಕ್ಕದ ಕಪ್ಪು ಹಲಗೆ ನೋಡುವುದಕ್ಕೆ. ಸುತ್ತಲಿನ ತೋಟಗಳಲ್ಲಿ ಹಿಂದಿನ ದಿನ ಎಷ್ಟು ಮಳೆಯಾಯಿತೆಂದು ಅದರಲ್ಲಿ ಬರೆದಿರುತ್ತೇನೆ. ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಕೇಳುವುದು ಆರೋಗ್ಯವನ್ನಲ್ಲ, "ನಿಮ್ಮಲ್ಲಿ ಎಷ್ಟು ಸೆಂಟು?" ಎಂದು. ನೂರು ಸೆಂಟು ಸೇರಿದರೆ ಒಂದು ಇಂಚು ಮಳೆ. ಒಂದು ಗುಡ್ಡದಲ್ಲಿ ಸುರಿಯುವಾಗ ಪಕ್ಕದ ಗುಡ್ಡದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಹಾಗಾಗಿ ಪ್ರತಿ ತೋಟದ ಲೆಕ್ಕವೂ ಬೇರೆ, ನೆರೆಯವನಿಗಿಂತ ಎರಡು ಸೆಂಟು ಹೆಚ್ಚು ಬಿದ್ದವನ ನಡಿಗೆಯೂ ಬೇರೆ.

ಈ ಹಲಗೆಯ ಲೆಕ್ಕವನ್ನು ನಾನು ಅಂಗಡಿಯ ಹಳೇ ಲ್ಯಾಪ್‌ಟಾಪಿಗೂ ಏರಿಸಿದ್ದೆ. ಅದರಲ್ಲಿರುವುದೆಲ್ಲ ಸ್ವತಂತ್ರ ತಂತ್ರಾಂಶ. ಅಂದರೆ ಪ್ರಪಂಚದ ಮೂಲೆಮೂಲೆಯ ಜನ ಬಿಡುವಿನಲ್ಲಿ ಸೇರಿ ಮಾಡಿ, ಯಾರು ಬೇಕಾದರೂ ಬಳಸಿ ಎಂದು ಬಿಟ್ಟದ್ದು. ಮಳೆಯ ಲೆಕ್ಕ ಇಡುವ ಒಂದು ಪುಟ್ಟ ಪ್ರೋಗ್ರಾಮೂ ಅದರಲ್ಲಿತ್ತು. ಹೆಸರು ಇಂಗ್ಲಿಷಿನಲ್ಲಿ ಏನೋ ಉದ್ದವಾಗಿತ್ತು. ನಾನು 'ಮಳೆಪುಸ್ತಕ' ಎಂದು ಕರೆಯುತ್ತಿದ್ದೆ. ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅದು ಪರದೆಯ ಮೇಲೆ ಒಂದು ಸಾಲು ತೋರಿಸಿತು. 'ಈ ಪ್ಯಾಕೇಜ್ ಅನಾಥವಾಗಿದೆ. ನೋಡಿಕೊಳ್ಳುವ ಮೇಂಟೇನರ್ ಬೇಕಾಗಿದ್ದಾರೆ.'

ಅನಾಥ! ನನ್ನ ಎದೆ ಚುರ್ ಎಂದಿತು. ಒಳಗೆ ಹೋಗಿ ಹೆಂಡತಿಗೆ ಹೇಳಿದೆ.

"ಗಿರಿಜಾ, ಅನಾಥವಾಗಿರೋದೊಂದನ್ನ ನಾನು ನೋಡ್ಕೊಳ್ಳಣ ಅಂತ ಇದೀನಿ."

"ಮನೇಲಿ ಆಗ್ಲೇ ಮೂರು ನಾಯಿ ಇದಾವೆ ಮಾರಾಯ್ರೆ" ಎಂದಳು, ರೊಟ್ಟಿ ತಿರುವುತ್ತಲೇ.

ನಾನು ಎಲ್ಲವನ್ನೂ ವಿವರಿಸಿದೆ. ಮೇಂಟೇನರ್ ಎಂಬ ಹುದ್ದೆಯ ಘನತೆ, ಜಗತ್ತಿನ ಹಿತ, ನಮ್ಮ ಹೆಸರು ಕಂಪ್ಯೂಟರಿನೊಳಗೆ ಶಾಶ್ವತವಾಗಿ ಉಳಿಯುವುದು. ಆಕೆ ಸಮಾಧಾನದಿಂದ ಕೇಳಿ, "ಸಂಬಳ?" ಎಂದಳು.

"ಇಲ್ಲ. ಸ್ವಯಂಸೇವೆ."

"ಅಟ್ಟದ ಮೇಲಿನ ಟಾರ್ಪಾಲು ಇಳಿಸಿ ಅಂದ್ರೆ ಸೊಂಟನೋವು ಬರತ್ತೆ. ಪ್ರಪಂಚದ ಸೇವೆಗೆ ಮಾತ್ರ ಸೊಂಟ ಗಟ್ಟಿ ಇದೆ ಅಲ್ವಾ?"

ಮಹತ್ಕಾರ್ಯಗಳಿಗೆ ಇಂಥ ಅಡ್ಡಿಗಳು ಸಹಜ. ನಾನು ಆ ತಂತ್ರಾಂಶದ ಬಳಗಕ್ಕೆ ಅರ್ಜಿ ಕಳಿಸಿದೆ.

ನನ್ನನ್ನು ತಿದ್ದುವುದಕ್ಕೆ ಒಬ್ಬ ಹಿರಿಯ ಸ್ವಯಂಸೇವಕಿಯನ್ನು ಗೊತ್ತುಮಾಡಿದರು. ಹೆಸರು ಮಾರ್ತಾ. ಎಲ್ಲೋ ದೂರದ ಚಳಿ ದೇಶದವರು. ಚಳಿಗೋ ಏನೋ, ಮಾತು ಬಹಳ ಕಡಿಮೆ. ಎರಡು ಸಾಲಿಗಿಂತ ಉದ್ದದ ಮೇಲ್ ಬರೆದವರಲ್ಲ. ಎರಡು ತಿಂಗಳು ಕಲಿಸಿದ ಮೇಲೆ ಅವರು ಹೇಳಿದ್ದರ ಸಾರ ಇಷ್ಟು. ಪ್ರೋಗ್ರಾಮು ಬರೆದವರು ಬೇರೆ. ಅದನ್ನು ಪರೀಕ್ಷಿಸಿ, ಅಚ್ಚುಕಟ್ಟಾಗಿ ಕಟ್ಟಿ, ಜನರ ಕಂಪ್ಯೂಟರಿಗೆ ತಲುಪಿಸುವುದಷ್ಟೇ ಮೇಂಟೇನರ್ ಕೆಲಸ. ಅಕಸ್ಮಾತ್ ಏನಾದರೂ ಬದಲಾಯಿಸಿದರೆ ಮೊದಲು ಪರೀಕ್ಷೆಯ ಸಾಲಿನಲ್ಲಿಟ್ಟು ಹತ್ತು ದಿನ ಕಾಯಬೇಕು.

ನನಗೆ ತಕ್ಷಣ ಅರ್ಥವಾಯಿತು. ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್ ಇದ್ದ ಹಾಗೆ. ಬೀಜ ಯಾರದ್ದೋ; ಜರಡಿ ಹಿಡಿದು ಮೂಟೆ ಕಟ್ಟಿ ಕಳಿಸುವುದು ಮಾತ್ರ ಇವರದು. ಮೂಟೆಯೊಳಗೆ ತಮ್ಮ ಮನೆಯ ಕಾಳುಮೆಣಸು ಸೇರಿಸುವಂತಿಲ್ಲ.

ನಾನು ಮೆಣಸು ಸೇರಿಸಿದೆ.

ತಪ್ಪು ನನ್ನದಲ್ಲ, ಮಿಲಿಮೀಟರಿನದು. ಮಳೆಪುಸ್ತಕ ಮಳೆಯನ್ನು ಮಿಲಿಮೀಟರಿನಲ್ಲಿ ತೋರಿಸುತ್ತಿತ್ತು. ಮಿಲಿಮೀಟರ್ ಎಂಬುದು ಬಡಗಿಗಳು ಮೊಳೆ ಅಳೆಯಲಿಕ್ಕೆ ಇಟ್ಟುಕೊಂಡದ್ದು. ಅದರಲ್ಲಿ ಮಳೆ ಅಳೆಯುವುದೆಂದರೆ ಮಳೆಗೇ ಅವಮಾನ. ಹಲಗೆಗೆ ಬರೆಯುವಾಗಲೆಲ್ಲ ನಾನು ಕ್ಯಾಲ್ಕುಲೇಟರ್ ಒತ್ತಿ ಸೆಂಟು ಮಾಡಿಕೊಳ್ಳಬೇಕಿತ್ತು. ಈಗ ಕೀಲಿಕೈ ನನ್ನ ಕೈಯಲ್ಲಿದೆ! 'ಮಿ.ಮೀ.' ಎಂದಿದ್ದ ಕಡೆಯೆಲ್ಲ 'ಸೆಂಟು' ಎಂದು ಹಾಕಿದೆ. ಅಂಕಿಗಳ ನಡುವೆ ಒಂದು ದಶಮಾಂಶದ ಚುಕ್ಕೆ ಅಡ್ಡ ಬರುತ್ತಿತ್ತು. ಸೆಂಟಿಗೆ ಎಂಥ ಚುಕ್ಕೆ? ಅದನ್ನೂ ತೆಗೆದುಹಾಕಿದೆ.

ಅಲ್ಲಿಗೂ ನಿಲ್ಲಲಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಂದೇ ದಿನ ಎಂಬತ್ತು ಸೆಂಟಿನ ಮೇಲೆ ಮಳೆಯಾದರೆ ಗಂಟೆ ಬಾರಿಸಿ, ಪರದೆಯ ತುಂಬ ದಪ್ಪ ಕನ್ನಡದಲ್ಲಿ 'ಹೂಮಳೆ ಬಂತು! ಸ್ಪ್ರಿಂಕ್ಲರ್ ನಿಲ್ಲಿಸಿ!' ಎಂದು ಬರುವ ಹಾಗೆ ಮಾಡಿದೆ. ಕಾಫಿ ಹೂ ಬಿಡುವುದು ಈ ಹೂಮಳೆಯಿಂದಲೇ. ಇದು ಗೊತ್ತಿಲ್ಲದವರು ಪ್ರಪಂಚದಲ್ಲಿ ಯಾರಿದ್ದಾರೆ?

ಪರೀಕ್ಷೆ ಮಾಡಿದೆನೋ ಇಲ್ಲವೋ ಎಂದು ಕೇಳಬೇಡಿ. ಮಾಡಿದೆ! ಆಗ ಫೆಬ್ರವರಿಯ ಬಿಸಿಲು, ಒಂದು ಹನಿ ಮಳೆಯಿಲ್ಲ. ಸೊನ್ನೆ ಮಿಲಿಮೀಟರು ಸೊನ್ನೆ ಸೆಂಟಾಗಿ ಬಂತು. ಲೆಕ್ಕ ಪಕ್ಕಾ ಇತ್ತು. ಹೂಮಳೆಯ ಕಾಲ ಹತ್ತಿರ ಬಂದದ್ದರಿಂದ ಹತ್ತು ದಿನ ಕಾಯುವ ನಿಯಮವನ್ನು ಲೋಕಹಿತಕ್ಕಾಗಿ ಬದಿಗಿಟ್ಟು, ನೇರವಾಗಿ ಎಲ್ಲರಿಗೂ ಬಿಟ್ಟೆ.

ಮಾರ್ಚಿನ ಒಂದು ಭಾನುವಾರ ಸಂಜೆ ಮಳೆ ಬಂತು.

ಇಲ್ಲಿ ಹಮೀದಣ್ಣನ ಬಗ್ಗೆ ಹೇಳಬೇಕು. ಅವರು ಕುದುರೆಮುಖದ ಗಣಿಯಲ್ಲಿ ಫಿಟ್ಟರ್ ಆಗಿದ್ದು, ಗಣಿ ನಿಂತ ಮೇಲೆ ನಮ್ಮೂರಿಗೆ ಬಂದು ನನ್ನ ಅಂಗಡಿಯ ಎದುರೇ ಗ್ಯಾರೇಜ್ ಇಟ್ಟವರು. ಹೊಟ್ಟೆ ಬಟ್ಟೆ ಕಟ್ಟಿ ಹಳ್ಳದ ಆಚೆಯ ಗುಡ್ಡದಲ್ಲಿ ಮೂರು ಎಕರೆ ರೊಬಸ್ಟಾ ಕಾಫಿ ತೋಟ ಮಾಡಿಕೊಂಡಿದ್ದರು. ತೋಟದಲ್ಲಿ ಯಾರೂ ಇರುವುದಿಲ್ಲವೆಂದು ತಾವೇ ಒಂದು ಮಳೆ ಅಳೆಯುವ ಯಂತ್ರ ಕಟ್ಟಿ, ಅದರ ಅಂಕಿ ನೇರ ನನ್ನ ಮಳೆಪುಸ್ತಕಕ್ಕೆ ಬರುವ ಹಾಗೆ ಮಾಡಿದ್ದರು. ರೊಬಸ್ಟಾ ಬಹಳ ಸೂಕ್ಷ್ಮ. ಸುಮಾರು ಒಂದಿಂಚು ಮಳೆ ಬಿದ್ದರೆ ಹೂ. ಅರೆಬರೆ ಬಿದ್ದರೆ ಮೊಗ್ಗು ಊದಿಕೊಂಡು, ನೀರು ಸಾಲದೆ ಕರಟಿಹೋಗುತ್ತದೆ. ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರಿನಲ್ಲಿ ಉಳಿದ ನೀರು ಕೊಡಲೇಬೇಕು. ಇಲ್ಲದಿದ್ದರೆ ಆ ವರ್ಷದ ಫಸಲನ್ನು ಮರೆಯಬಹುದು. ಹಮೀದಣ್ಣ ಅದಕ್ಕೇ ಪೈಪು, ನೀರೆತ್ತುವ ಎಂಜಿನ್ ಎಲ್ಲ ಜೋಡಿಸಿಟ್ಟುಕೊಂಡು ಕಾಯುತ್ತಿದ್ದರು.

ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದೆ. ಗಂಟೆ ಬಾರಿಸಿತು! ಹಮೀದಣ್ಣನ ತೋಟ, ತೊಂಬತ್ತೆರಡು ಸೆಂಟು! ಹೂಮಳೆ ಬಂತು! ನಾನು ರಸ್ತೆಗೆ ಓಡಿ ಕೂಗಿದೆ. ಹಮೀದಣ್ಣ ಎರಡೂ ಕೈಯೆತ್ತಿ ದೇವರನ್ನು ನೆನೆದರು.

"ಶಿವಣ್ಣ, ನಿಮ್ಮ ಬಾಯಿಗೆ ಸಕ್ಕರೆ ಹಾಕ. ಎಂಜಿನ್ ಬೇಕು ಅಂತ ಮಲ್ಲಂದೂರಿನ ಭಾವ ದಿನಾ ಫೋನ್ ಮಾಡ್ತಿದ್ದ. ಇವತ್ತೇ ಕಳಿಸಿಬಿಡ್ತೀನಿ."

ನಮ್ಮ ಹಿತ್ತಲಿನಲ್ಲಿ ಹಳೇ ಮಳೆಗ್ಲಾಸು ಒಂದಿದೆ. ಗಿರಿಜಾ ಮದುವೆಯಾಗಿ ಬಂದಾಗಿನಿಂದ ಬೆಳಿಗ್ಗೆ ಎಂಟಕ್ಕೆ ಅದನ್ನು ಓದುವವಳು. ಆವತ್ತು ಗ್ಲಾಸಿನಲ್ಲಿದ್ದದ್ದು ಮೂವತ್ತನಾಲ್ಕು ಸೆಂಟು.

"ರೀ, ಆಚೆ ಗುಡ್ಡಕ್ಕೆ ತೊಂಬತ್ತೆರಡು ಹೊಡೆದಿದ್ರೆ ಹಳ್ಳದ ನೀರು ಕೆಂಪಾಗಿ ಬರ್ಬೇಕಿತ್ತು. ನಾನು ನೋಡ್ಕೊಂಡು ಬಂದೆ, ತಿಳಿಯಾಗೇ ಹರೀತಿದೆ."

"ಪ್ರಪಂಚವೇ ಬಳಸೋ ಪ್ರೋಗ್ರಾಮು ಇದು. ನಿನ್ನ ಹಳ್ಳ ಎಷ್ಟು ದೇಶದಲ್ಲಿ ಹರಿಯತ್ತೆ?"

ಈ ಮಾತನ್ನು ಆಕೆ ಇಂದಿಗೂ ಮರೆತಿಲ್ಲ. ನನಗೂ ಮರೆಯಲು ಬಿಟ್ಟಿಲ್ಲ.

ಮಂಗಳವಾರದಿಂದ ಪತ್ರಗಳು ಬರತೊಡಗಿದವು. ಯಾವುದೋ ದ್ವೀಪದ ಶಾಲಾಮಾಸ್ತರರೊಬ್ಬರು ಬರೆದಿದ್ದರು. 'ನಮ್ಮಲ್ಲಿ ದಿನಾ ಜಿಟಿಜಿಟಿ ಮಳೆ. ನಿಮ್ಮ ಪ್ರೋಗ್ರಾಮು ದಿನಾ ಗಂಟೆ ಹೊಡೆದು ಗೊತ್ತಿಲ್ಲದ ಲಿಪಿಯಲ್ಲಿ ಕೂಗುತ್ತಿದೆ. ಮಕ್ಕಳು ಹೆದರಿದ್ದಾರೆ.' ನಾನು ರೊಬಸ್ಟಾ ಹೂವಿನ ಬಗ್ಗೆ ಎರಡು ಪುಟ ಬರೆದು, ಮಕ್ಕಳನ್ನು ಕರೆದುಕೊಂಡು ಒಮ್ಮೆ ಬನ್ನಿ ಎಂದು ಉತ್ತರಿಸಿದೆ. ಮರಳುಗಾಡಿನ ಕಡೆಯವರೊಬ್ಬರು, 'ನಿಮ್ಮ ಕೃಪೆಯಿಂದ ನಮ್ಮ ಬರಗಾಲ ಮುಗಿದಿದೆ. ಹೊರಗೆ ಹೋಗಿ ನೋಡಿದೆ. ಧೂಳು ಹಾಗೇ ಇದೆ' ಎಂದಿದ್ದರು. ಇನ್ನೊಬ್ಬ ಪುಣ್ಯಾತ್ಮರು ಯಾರಿಂದಲೋ ಕನ್ನಡ ಓದಿಸಿಕೊಂಡು ವಿನಯದಿಂದ ಕೇಳಿದ್ದರು. 'ಸ್ಪ್ರಿಂಕ್ಲರ್ ನಿಲ್ಲಿಸಬೇಕೆಂದು ತಿಳಿಯಿತು. ನನ್ನ ಬಳಿ ಸ್ಪ್ರಿಂಕ್ಲರ್ ಇಲ್ಲ. ನಿಲ್ಲಿಸುವುದಕ್ಕಾಗಿ ಒಂದನ್ನು ಕೊಳ್ಳಬೇಕೇ?'

ನನಗೆ ಅಭಿಮಾನಿಗಳು ಹೆಚ್ಚುತ್ತಿದ್ದಾರೆಂದೇ ತಿಳಿದಿದ್ದೆ.

ಬುಧವಾರ ಬೆಳಿಗ್ಗೆ ಮಾರ್ತಾ ಅವರ ಮೇಲ್ ಬಂತು. ಒಂದೇ ಸಾಲು. 'ಚುಕ್ಕೆ ಎಲ್ಲಿ ಹೋಯಿತು?'

ಚುಕ್ಕೆ. ನಾನು ಪರದೆ ನೋಡಿದೆ. ತೊಂಬತ್ತೆರಡು. ಚುಕ್ಕೆಯನ್ನು ಮನಸ್ಸಿನಲ್ಲೇ ವಾಪಸ್ ಇಟ್ಟೆ. ಒಂಬತ್ತು ಪಾಯಿಂಟ್ ಎರಡು. ಅದೂ ಮಿಲಿಮೀಟರು. ಕ್ಯಾಲ್ಕುಲೇಟರ್ ಒತ್ತಿದೆ. ಮೂವತ್ತಾರು ಸೆಂಟು! ನಾನು ಬದಲಾಯಿಸಿದ್ದು ಹೆಸರನ್ನು; ಅಳತೆ ಹಾಗೇ ಇತ್ತು. ರೊಬಸ್ಟಾ ಮೂಟೆಯ ಮೇಲೆ ದುಬಾರಿ ಅರೇಬಿಕಾದ ಹೆಸರು ಬರೆದಿದ್ದೆ, ಅಷ್ಟೇ. ದ್ವೀಪದ ಮಕ್ಕಳು ಹೆದರಿದರೆ ಹೆದರಲಿ, ಸಂಜೆಗೆ ಮರೆಯುತ್ತಾರೆ. ಆದರೆ ಎದುರುಗಡೆ ಗ್ಯಾರೇಜಿನಲ್ಲಿ ಹಮೀದಣ್ಣ ಹಾಡು ಗುನುಗುತ್ತಾ ನಟ್ಟು ತಿರುವುತ್ತಿದ್ದರು. ಆಚೆ ಗುಡ್ಡದಲ್ಲಿ ಅವರ ಮೊಗ್ಗುಗಳು ಮೂವತ್ತಾರು ಸೆಂಟು ಕುಡಿದು, ಉಳಿದ ನೀರಿಗೆ ಬಾಯಿಬಿಟ್ಟುಕೊಂಡು ಕೂತಿದ್ದವು. ಎಂಜಿನ್ ಮಲ್ಲಂದೂರಿನಲ್ಲಿತ್ತು.

ರಸ್ತೆ ದಾಟಿ ಹೋಗಿ ಹೇಳಿದೆ. ಜೀವನದಲ್ಲಿ ಅಷ್ಟು ಉದ್ದದ ರಸ್ತೆ ನಾನು ದಾಟಿದ್ದಿಲ್ಲ.

ಹಮೀದಣ್ಣ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಬೆರಳು ಮಡಚಿ ದಿನ ಎಣಿಸಿದರು.

"ಭಾನುವಾರದ ಮಳೆ. ಇವತ್ತು ನೀರು ಬಿದ್ರೆ ಉಳ್ಕೊಳತ್ತೆ ಶಿವಣ್ಣ. ನಾಳೆಗೆ ಇಲ್ಲ" ಎಂದರು. ಆಮೇಲೆ ಜೀಪಿನ ಕೀ ತೆಗೆದುಕೊಂಡರು. "ನಾನು ಎಂಜಿನ್ ತರ್ತೀನಿ. ಪೈಪೆಲ್ಲ ಬಿಚ್ಚಿ ಕೆರೆ ಹತ್ರ ಪೇರಿಸಿದೀನಿ. ಅದನ್ನ ಯಾರು ಮೇಲೆ ಹಾಕೋದು?"

ಯಾರು ಎಂಬುದರ ಬಗ್ಗೆ ಚರ್ಚೆ ನಡೆಯಲಿಲ್ಲ. ಗಿರಿಜಾ ಅಂಗಡಿಯ ಬಾಗಿಲು ಎಳೆದು, ಸೆರಗು ಸಿಕ್ಕಿಸಿ, ಕೈಯಲ್ಲಿ ಮಳೆಗ್ಲಾಸು ಹಿಡಿದು ಹೊರಟೇಬಿಟ್ಟಿದ್ದಳು.

ನಲವತ್ತು ಪೈಪು! ಗುಡ್ಡವಂತೂ ನೆಟ್ಟಗೆ ಆಕಾಶಕ್ಕೇ ಹೋಗುತ್ತದೆ. ಹನ್ನೊಂದನೆಯ ಪೈಪಿಗೆ ನನ್ನ ಸೊಂಟ ರಾಜೀನಾಮೆ ಕೊಟ್ಟಿತು. ಗಿರಿಜಾ ಅದನ್ನು ಅಂಗೀಕರಿಸಲಿಲ್ಲ. "ಸ್ವಯಂಸೇವೆ ರೀ, ಸ್ವಯಂಸೇವೆ!" ಎಂದು ಕೆಳಗಿನಿಂದ ಹುರಿದುಂಬಿಸುತ್ತಿದ್ದಳು. ಗುಡ್ಡದ ನೆತ್ತಿಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಅಲ್ಲಿ ಒಂದು ಸಿಲ್ವರ್ ಮರದ ಬುಡದಲ್ಲಿ ಫೋನು ಮಿಡಿಯಿತು. ಮಾರ್ತಾ ಕೇಳಿದ್ದರು. 'ನಿಮ್ಮ ಆವೃತ್ತಿಯನ್ನು ಹಿಂತೆಗೆದುಕೊಂಡು ಹಳೆಯದನ್ನೇ ಹಾಕುತ್ತೇನೆ. ಒಪ್ಪಿಗೆಯೇ?' ಹೆಗಲ ಮೇಲೆ ಪೈಪು ಹೊತ್ತುಕೊಂಡೇ, ಕಾಲಿಗೆ ಹತ್ತಿದ ಇರುವೆಗಳನ್ನು ಕೊಡವುತ್ತಾ, ಒಂದೇ ಬೆರಳಿನಲ್ಲಿ 'ಒಪ್ಪಿಗೆ' ಎಂದು ಬರೆದೆ. ಮೇಂಟೇನರ್ ಆಗಿ ನಾನು ಮಾಡಿದ ಮೊದಲ ಸರಿಯಾದ ಕೆಲಸ ಅದು.

ಮಧ್ಯಾಹ್ನ ಎರಡಕ್ಕೆ ಎಂಜಿನ್ ಬಂತು. ಎರಡೂವರೆಗೆ ಸ್ಪ್ರಿಂಕ್ಲರಿನ ಜೆಟ್ ತಿರುಗಿತು. ಮೊದಲ ಸುತ್ತಿನಲ್ಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ತೋಯಿಸಿತು. ಗಿರಿಜಾ ಗಿಡಗಳ ನಡುವೆ ಗ್ಲಾಸಿಟ್ಟು ಕಾವಲು ಕೂತಳು. ಅಷ್ಟಷ್ಟು ಹೊತ್ತಿಗೆ ಜೆಟ್ಟಿನ ಜಾಗ ಬದಲಾಯಿಸುತ್ತಾ, ಹೊತ್ತು ಮುಳುಗುವುದರೊಳಗೆ ಮೂರೂ ಎಕರೆ ಮುಗಿಸಿದೆವು. ಪ್ರತಿ ಸಲವೂ ಗ್ಲಾಸು ಎತ್ತಿ ಹಿಡಿದು ಆಕೆ "ಸಾಕು!" ಎಂದಾಗಲೇ ಹಮೀದಣ್ಣ ಎಂಜಿನ್ ನಿಲ್ಲಿಸಿದ್ದು. ಗಂಟೆಯೂ ಇಲ್ಲ, ದಪ್ಪ ಅಕ್ಷರವೂ ಇಲ್ಲ.

ಎಂಟನೆಯ ದಿನ ಬೆಳಿಗ್ಗೆ ಹಮೀದಣ್ಣ ನಮ್ಮಿಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಇಡೀ ಗುಡ್ಡ ಬೆಳ್ಳಗಿತ್ತು. ಆ ಪರಿಮಳ, ಆ ಜೇನ್ನೊಣಗಳ ಸದ್ದು! ನಿಜ ಹೇಳುತ್ತೇನೆ, ಅತ್ತುಬಿಟ್ಟೆ. ಹಮೀದಣ್ಣ ಬೆನ್ನು ತಟ್ಟಿದರು.

"ಈಗ ಹೊಡೀರಿ ಶಿವಣ್ಣ, ನಿಮ್ಮ ಗಂಟೆ!"

ಮಾರ್ತಾ ಅವರಿಗೆ ನಡೆದದ್ದನ್ನೆಲ್ಲ, ಹಳ್ಳದ ನೀರಿನಿಂದ ಹಿಡಿದು ಮಳೆಗ್ಲಾಸಿನವರೆಗೆ, ಬರೆದು ಕ್ಷಮೆ ಕೇಳಿದೆ. ಹುದ್ದೆ ಹೋಯಿತೆಂದೇ ಅಂದುಕೊಂಡಿದ್ದೆ. ಉತ್ತರ ಎರಡೇ ಸಾಲು. 'ನೀವು ಮುಂದುವರಿಯಬಹುದು. ಆದರೆ ಇನ್ನು ಮೇಲೆ ಗಿರಿಜಾ ಅವರು ನೋಡದೆ ಯಾವುದೂ ಹೊರಗೆ ಬರಬಾರದು.'

ಹೀಗೆ, ಒಂದು ಅರ್ಜಿಯನ್ನೂ ಹಾಕದೆ ನನ್ನ ಹೆಂಡತಿ ಮೇಂಟೇನರ್ ಆದಳು. ಮಳೆಪುಸ್ತಕದ ಪುಟದಲ್ಲಿ ಮೊದಲು ಅವಳ ಹೆಸರಿದೆ. ನನ್ನದು ಕೆಳಗೆ, ಸಣ್ಣಕ್ಷರದಲ್ಲಿ. ಅಂಗಡಿಯ ಹಲಗೆಯ ಮೇಲೂ ಹಮೀದಣ್ಣ ತಮ್ಮ ಕೈಯಾರೆ ಒಂದು ಗೆರೆ ಎಳೆದು 'ಗಿರಿಜಕ್ಕನ ಗ್ಲಾಸು' ಎಂದು ಬರೆದುಹೋಗಿದ್ದಾರೆ. ಜನ ಬಂದು ಅದನ್ನು ಮಾತ್ರ ಓದುತ್ತಾರೆ.

ಮೊನ್ನೆ ಮಳೆಪುಸ್ತಕದಲ್ಲಿ ಒಂದು ಸಣ್ಣ ಸುಧಾರಣೆ ಮಾಡಿ, ಅಡುಗೆಮನೆಯ ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಒಪ್ಪಿಗೆಗಾಗಿ ನಿಂತೆ.

"ನೋಡ್ತೀನಿ, ಅವಸರ ಎಂತಕ್ಕೆ?" ಎಂದಳು ಗಿರಿಜಾ, ತಿರುಗಿಯೂ ನೋಡದೆ. "ಹತ್ತು ದಿನ ಕಾಯ್ಬೇಕು ಅಂತ ನಿಯಮ ಇದ್ಯಲ್ಲಾ? ಅಲ್ಲೀವರೆಗೆ ಆ ಮಳೆಗ್ಲಾಸಿಗೆ ಪಾಚಿ ಕಟ್ಟಿದೆ, ತೊಳೆದಿಡಿ."

ತೊಳೆದಿಟ್ಟೆ.